ನರಕವೆಂಬ ಊರಿನ ಅತಿಥಿಶಾಲೆ

ದಕ್ಷಿಣ ಅಮೆರಿಕಾ ಖಂಡದ ಪೆರು ದೇಶದಲ್ಲಿ, ತಂಬೋಪಾಟಾ ನದಿಯ ತೀರದಲ್ಲಿ, ಇನ್ಫಿಯೆರ್ನೊ ಎಂಬ ಊರೊಂದುಂಟು. ಸ್ಪೇನಿನ ನುಡಿಯಲ್ಲಿ ಈ ಶಬ್ದಕ್ಕೆ ನರಕವೆಂದೇ ಅರ್ಥ. ಇದು ಅನ್ವರ್ಥನಾಮವಲ್ಲವೆಂದು ಮೊದಲೇ ಹೇಳಿಬಿಡುವೆನು. ಆದರೆ ಒಂದು ಕಾಲದಲ್ಲಿ ಆ ಸೀಮೆಗೆಲ್ಲ ಆ ಹೆಸರು ಒಪ್ಪುವಂತಿದ್ದಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೋಕದಲ್ಲಿ ರಬ್ಬರಿಗೆ ಬೆಲೆಯೇರಲು, ವರ್ತಕರು ಅಮೆಜಾನಿನ ಮಳೆಕಾಡುಗಳನ್ನು ಹೊಕ್ಕು ಮೂಲನಿವಾಸಿಗಳನ್ನು ಬಲಾತ್ಕಾರದಿಂದ ದುಡಿಸಿದರು. ಅವರೊಡನೆ ಬಂದ ರೋಗಗಳು ಅನೇಕರನ್ನು ನುಂಗಿದುವು. ತಂಬೋಪಾಟಾ ಸೀಮೆಯ ಎಸೆ ಎಹಾ ಜನರು ಹೀಗೆ ಕ್ಷೀಣಿಸಿದರು. 1876ರಲ್ಲಿ ವಿಕ್‌ಹ್ಯಾಮನೆಂಬ ಆಂಗ್ಲೇಯನು ಬ್ರೆಜಿಲಿನಿಂದ ಒಯ್ದ ಬೀಜಗಳ ಸಂತತಿಯು ಏಷ್ಯಾದ ತೋಟಗಳಲ್ಲಿ ಫಲಕೊಟ್ಟ ಮೇಲೆಯೇ ಅಲ್ಲಿಯ ವ್ಯಾಪಾರವು ಕುಸಿದುದು. ನಮ್ಮ ದಕ್ಷಿಣ ಕನ್ನಡದ ರಬ್ಬರು ಮರಗಳೂ ಆ ಅಮೆಜಾನಿನ ಜಾತಿಯವೇ ಎಂಬುದನ್ನು ವಾಚಕರು ನೆನೆಯಬೇಕು.

1974ರಲ್ಲಿ ಪೆರುವಿನ ಸರಕಾರವು ಕಾಡಿನ ಸಮುದಾಯಗಳಿಗೆ ಭೂಮಿಯ ಹಕ್ಕನ್ನು ಕೊಡುವ ಶಾಸನವನ್ನು ಹೊರಡಿಸಿತು. ಅದರ ಮೇರೆಗೆ 1976ರಲ್ಲಿ ಇನ್ಫಿಯೆರ್ನೊ ಊರಿಗೆ ಸುಮಾರು 10,000 ಹೆಕ್ಟೇರು ಭೂಮಿಯ ಹಕ್ಕುಪತ್ರ ದೊರೆಯಿತು. ನನ್ನ ಮತದಲ್ಲಿ ಇಡೀ ಕಥೆಯ ಬೇರು ಇಲ್ಲಿಯೇ ಇರುವುದು: ಮನೆಯಿಲ್ಲದವನು ಅತಿಥಿಯನ್ನು ಹೇಗೆ ಕರೆದಾನು?

1996ರಲ್ಲಿ ಈ ಸಮುದಾಯವು ರೇನ್‌ಫಾರೆಸ್ಟ್ ಎಕ್ಸ್‌ಪೆಡಿಷನ್ಸ್ ಎಂಬ ಪ್ರವಾಸಸಂಸ್ಥೆಯೊಡನೆ 20 ವರ್ಷಗಳ ಕರಾರು ಮಾಡಿಕೊಂಡಿತು. ಲಾಭದಲ್ಲಿ ಊರಿಗೆ ನೂರಕ್ಕೆ 60, ಸಂಸ್ಥೆಗೆ 40. ತೀರ್ಮಾನಗಳಲ್ಲಿ ಇಬ್ಬರಿಗೂ ಸಮಭಾಗ. ನೆಲವೇ ಕೈತಪ್ಪೀತೆಂದು ಶಂಕಿಸಿದವರು ಊರಿನಲ್ಲಿ ಇರದೆ ಇರಲಿಲ್ಲ. ರಬ್ಬರಿನ ಕಾಲವನ್ನು ಬಲ್ಲವರ ಮೊಮ್ಮಕ್ಕಳಿಗೆ ಆ ಶಂಕೆ ಸಹಜವೇ ಸರಿ. ಊರವರೇ ಮರ, ಬಿದಿರು, ತಾಳೆಗರಿಗಳಿಂದ ಕಟ್ಟಿದ 'ಪೊಸಾದಾ ಅಮೆಜೋನಾಸ್' ಎಂಬ ಅತಿಥಿಶಾಲೆಯು 1998ರಲ್ಲಿ ತೆರೆಯಿತು. ಅಲ್ಲಿಯ ಕೋಣೆಗಳಿಗೆ ಒಂದು ಕಡೆ ಗೋಡೆಯೇ ಇಲ್ಲ. ಮಲಗಿದವನ ಕಣ್ಣೆದುರಿಗೆ ಕಾಡು.

ಆದರೆ ಎಲ್ಲವೂ ಸುಗಮವಾಯಿತೆನ್ನಲಾಗದು. ಊರಿನಲ್ಲಿ ಎಸೆ ಎಹಾ ಕುಲದವರಲ್ಲದೆ, ಆಂಡೀಸ್ ಪರ್ವತದಿಂದ ಇಳಿದು ಬಂದವರೂ ನದೀತೀರದ ಮಿಶ್ರಕುಲದವರೂ ಇರುವರು. ಪ್ರವಾಸಿಗಳೋ ಮೂಲನಿವಾಸಿಯ ಮುಖವನ್ನೇ ಅರಸಿ ಬರುವವರು. ಆದುದರಿಂದ ಯಾರ ಸಂಸ್ಕೃತಿಯನ್ನು ತೋರಿಸಬೇಕು, ಯಾರು ನಿಜವಾದ ಎಸೆ ಎಹಾ ಎಂಬ ಪ್ರಶ್ನೆಗಳು ನೆರೆಹೊರೆಯವರ ನಡುವೆಯೇ ಎದ್ದುವು. ಹಣದ ಪಾಲಿಗಿಂತ ಹೆಸರಿನ ಪಾಲೇ ಕಷ್ಟವೆಂದು, ದಾಯಾದಿಗಳ ಜಗಳಗಳನ್ನು ಹಲವು ಕಂಡಿರುವ ನನಗೆ ತೋರುವುದು.

ಅಲ್ಲಿಗೆ ಹೋದವರನ್ನು ನಸುಕಿನಲ್ಲಿಯೇ ಎಬ್ಬಿಸಿ, ತ್ರೆಸ್ ಚಿಂಬಾದಾಸ್ ಎಂಬ ಸರೋವರಕ್ಕೆ ಕರೆದೊಯ್ಯುವರು. ಅದು ನದಿಯು ತನ್ನ ಹಳೆಯ ಹಾದಿಯನ್ನು ತೊರೆದುದರಿಂದ ಉಳಿದ ನೀರು. ಅದರಲ್ಲಿ ಆರು ಅಡಿಯಷ್ಟು ಬೆಳೆಯುವ ದೈತ್ಯ ನೀರುನಾಯಿಗಳ ಸಂಸಾರವುಂಟು. ಯಂತ್ರದ ಸದ್ದಿಲ್ಲದೆ ಹುಟ್ಟುಹಾಕಿ ನಡೆಸುವ ದೋಣಿಯು ಅವುಗಳಿಗೆ ಬೆದರಿಕೆಯಾಗದಷ್ಟು ದೂರದಲ್ಲಿ ನಿಲ್ಲುವುದು.