ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ: ಚರಿತ್ರೆಗೆ ಕೆರೆಗಳ ಸಾಕ್ಷ್ಯ

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡ ನಾಡಿನ ಅತ್ಯಂತ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿದವು. ದೇವರ ಎತ್ತುಗಳ ಹಿಂಡನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ಮ್ಯಾಸಬೇಡರ ಸೀಮೆಯಿದು. ಇಲ್ಲಿ ಹುಲ್ಲು ನೀರುಗಳ ಚಿಂತೆಯಿಲ್ಲದೆ ಯಾವ ಧರ್ಮವೂ ಬೇರೂರುವಂತಿರಲಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜೀವಿತವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಪಂಚಗಣಾಧೀಶ್ವರರೆಂದು ಪೂಜಿತರಾದ ಐವರು ಶರಣರಲ್ಲಿ ಕೊಟ್ಟೂರಿನ ಗುರುಬಸವೇಶ್ವರರಂತೆ ಇವರೂ ಒಬ್ಬರು. ಇವರ ಕಾಲವನ್ನು ಸಾಮಾನ್ಯವಾಗಿ ಹದಿನೈದು-ಹದಿನಾರನೆಯ ಶತಮಾನವೆಂದು ಹೇಳುವುದುಂಟು. ಇನ್ನೂ ಈಚೆಗೆ ತರುವವರೂ ಇದ್ದಾರೆ. ಊರೊಳಗೆ ಒಳಮಠ, ಊರ ಹೊರಗೆ ಸಮಾಧಿಯಿರುವ ಹೊರಮಠ. ಫಾಲ್ಗುಣದ ರಥೋತ್ಸವಕ್ಕೆ ಜಾತಿಮತಗಳ ಎಣಿಕೆಯಿಲ್ಲದೆ ಜನ ನೆರೆಯುತ್ತಾರೆ. ಹೊರಮಠದೆದುರು ಹರಕೆಯ ಕೊಬ್ಬರಿ ಸುಡುತ್ತಾರೆ. ಇಷ್ಟನ್ನು ಕಣ್ಣಾರೆ ಕಾಣಬಹುದು. ಉಳಿದ ಜೀವನವೃತ್ತಾಂತವೆಲ್ಲ ಪವಾಡಗಳ ಮೂಲಕವೇ ನಮಗೆ ಬಂದಿದೆ.

ಭಕ್ತರ ಕಣ್ಣಿನಿಂದ ಮಾತ್ರ ಕಾಣಿಸುವ ಗುರುವನ್ನು ಇತಿಹಾಸಕಾರನು ಹೇಗೆ ಗುರುತಿಸಬೇಕು? ಮಧ್ಯಯುಗದ ಧರ್ಮನಾಯಕರ ವಿಷಯದಲ್ಲಿ ಈ ತೊಡಕು ಲೋಕವ್ಯಾಪಕವಾದುದು. ಉದಾಹರಣೆಗೆ ಯೂರೋಪಿನ ಬಲ್ಗೇರಿಯ ದೇಶದ ಯೂಥಿಮಿಯಸ್‌ನನ್ನು ತೆಗೆದುಕೊಳ್ಳಬಹುದು. ಕಿಲಿಫಾರೆವೋ ಮಠದಲ್ಲಿ ಥಿಯೊಡೋಸಿಯಸ್ಸನ ಶಿಷ್ಯನಾಗಿದ್ದ ಆ ಸಂನ್ಯಾಸಿಯು ೧೩೭೫ರಲ್ಲಿ ಟರ್ನೊವೊ ಪೀಠದ ಪೇಟ್ರಿಯಾರ್ಕ್, ಎಂದರೆ ಆ ನಾಡಿನ ಆರ್ಥೊಡಾಕ್ಸ್ ಸಂಪ್ರದಾಯದ ಪರಮಾಚಾರ್ಯನಾದನು. ೧೩೯೩ರಲ್ಲಿ ರಾಜಧಾನಿಯು ತುರ್ಕರ ವಶವಾದಾಗ ಗಡೀಪಾರಾದನು. ಅವನನ್ನು ಕುರಿತು ನಮಗೆ ತಿಳಿದಿರುವುದರಲ್ಲಿ ಬಹುಭಾಗವು ಗ್ರಿಗರಿ ತ್ಸಾಂಬ್ಲಾಕನು ಬರೆದ ಸ್ತುತಿಯಿಂದ ಬಂದುದು. ಸ್ತುತಿ ಸ್ತುತಿಯೇ. ಆದರೆ ಅದನ್ನು ಒರೆಹಚ್ಚಲು ಯೂಥಿಮಿಯಸ್ಸನು ತಾನೇ ರಚಿಸಿದ ಸಂತಚರಿತ್ರೆಗಳೂ ಪತ್ರಗಳೂ ಉಳಿದಿವೆ.

ತಿಪ್ಪೇರುದ್ರಸ್ವಾಮಿಯ ವಿಷಯದಲ್ಲಿ ಅಂತಹ ಒರೆಗಲ್ಲು ಗ್ರಂಥವಲ್ಲ, ಕೆರೆ. ನಾಯಕನಹಟ್ಟಿಯ ಸುತ್ತ ಅವರು ಐದು ಕೆರೆಗಳನ್ನು ಕಟ್ಟಿಸಿದರೆಂದು ಪರಂಪರೆಯು ಹೇಳುತ್ತದೆ. ಐದನ್ನೂ ಒಬ್ಬರೇ ಕಟ್ಟಿಸಿದರೆಂದು ನಾವು ಒಪ್ಪಬೇಕಾಗಿಲ್ಲ. ಹೆಸರಾಂತ ಪುರುಷನ ಕಡೆಗೆ ಊರಿನ ಹಳೆಯ ಕೆಲಸಗಳೆಲ್ಲ ಹರಿದು ಸೇರುವುದು ನಮ್ಮ ನಾಡಿನಲ್ಲಿ ಹೊಸದಲ್ಲ. ಆದರೂ ಜನರು ತಮ್ಮ ಗುರುವಿನ ನೆನಪನ್ನು ಗುಡಿಗೋಪುರಕ್ಕೆ ಕಟ್ಟದೆ ಏರಿ ತೂಬುಗಳಿಗೆ ಕಟ್ಟಿದ್ದಾರೆಂಬುದೇ ಒಂದು ಸಾಕ್ಷ್ಯ.

ಅವರದೆಂದು ಹೇಳುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತನ್ನೂ ಇದರೊಡನೆ ಸೇರಿಸಿ ಓದಬೇಕು. ಇದನ್ನು ಕೇವಲ ವೈರಾಗ್ಯದ ನುಡಿಯೆಂದು ಬಿಡಿಸುವವರಿದ್ದಾರೆ. ನಮಗೆ ಅದು ಸಮಂಜಸವಾಗಿ ತೋರದು. ಏರಿಗೆ ಮಣ್ಣು ಹೊರುವ ನೂರಾರು ಕೈಗಳ ನಡುವೆ, ದುಡಿಮೆಗೆ ತಕ್ಕ ಅನ್ನವೆಂಬ ನೇರವಾದ ಅರ್ಥವೇ ಅದಕ್ಕೆ ಹೆಚ್ಚು ಒಪ್ಪುತ್ತದೆ. ಕಾಯಕ ದಾಸೋಹಗಳೆಂದು ಹನ್ನೆರಡನೆಯ ಶತಮಾನದ ಶರಣರು ಹೇಳಿದುದನ್ನು ಬಯಲುಸೀಮೆಯ ಬರದಲ್ಲಿ ಆಚರಣೆಗೆ ತಂದ ಬಗೆಯಿದು.

ಇದೇ ಸೀಮೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಅವನ್ನು ಬೆಳಕಿಗೆ ತಂದರು. ಬರೆದವನಾದ ಚಪಡನು ತನ್ನ ವೃತ್ತಿಯನ್ನು ಖರೋಷ್ಠಿಯಲ್ಲಿ ಸೂಚಿಸಿರುವುದರಿಂದ ಲಿಪಿಕಾರನನ್ನೂ ನಾವು ಬಲ್ಲೆವು. ಕೆರೆ ಕಟ್ಟಿದವರ ಹೆಸರು ಹಾಗೆ ಉಳಿಯಲಿಲ್ಲ. ಬಂಡೆಯ ಬರಹಕ್ಕೆ ಕೊಟ್ಟಷ್ಟು ಗಮನವನ್ನು ನಮ್ಮ ವಿದ್ವಾಂಸರು ಏರಿಗಳ ಕಡೆಗೆ ಹರಿಸಿಲ್ಲವೆಂದು ಹೇಳದಿರಲಾರೆವು.

ತೂಬಿನ ಕಂಬಗಳ ಕೆತ್ತನೆ, ಕೋಡಿಯ ಕಲ್ಲುಕಟ್ಟಡ, ಏರಿಯ ಒಳಮೈಯ ಕಲ್ಲುಹಾಸು ಇವುಗಳನ್ನು ಅಳೆದು ಸುತ್ತಲಿನ ವಿಜಯನಗರ ಮತ್ತು ಪಾಳೆಯಗಾರರ ಕಾಲದ ಕೆರೆಗಳೊಡನೆ ಹೋಲಿಸಿದರೆ ಐದರಲ್ಲಿ ಯಾವುದು ಮೊದಲಿನದು, ಯಾವುದು ಜೀರ್ಣೋದ್ಧಾರವಾದುದು ಎಂಬುದು ತಕ್ಕಮಟ್ಟಿಗೆ ತಿಳಿಯಬಹುದು. ಈ ಕೆಲಸಕ್ಕೆ ಕಾಲೇಜಿನ ವಿದ್ಯಾರ್ಥಿಗಳೇ ಸಾಕು. ಹೋಗುವವರು ಬೇಸಗೆಯಲ್ಲಿ ಹೋಗಬೇಕು; ನೀರು ಇಳಿದಾಗಲೇ ತೂಬಿನ ಬುಡ ಕಾಣುವುದು.