ಪಾರ್ನಾಸಿಯ ಪಲುಸ್ಟ್ರಿಸ್: ಹೆಸರು ಮತ್ತು ವರ್ಗೀಕರಣದ ಚರಿತ್ರೆ

ಪ್ರಾಚೀನ ಗ್ರಂಥವೊಂದರಲ್ಲಿ ಉಕ್ತವಾದ ಊರನ್ನು ಇಂದಿನ ಭೂಪಟದ ಮೇಲೆ ಗುರುತಿಸಹೊರಟ ಚರಿತ್ರಕಾರನಿಗೆ ಎದುರಾಗುವ ತೊಡಕು ಸಸ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಉಂಟು. ಹೆಸರು ಉಳಿದಿರುತ್ತದೆ, ಅದು ಮೊದಲು ಸೂಚಿಸಿದ ವಸ್ತು ಯಾವುದೆಂಬುದು ಸಂದಿಗ್ಧವಾಗಿರುತ್ತದೆ. ಉತ್ತರ ಭೂಖಂಡಗಳ ಜೌಗುನೆಲದಲ್ಲಿ ಬೆಳೆಯುವ ಒಂದು ಪುಟ್ಟ ಕಾಡುಹೂವಿನ ವೃತ್ತಾಂತವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ. ಇಂಗ್ಲೆಂಡಿನ ಜನ ಅದನ್ನು 'ಪಾರ್ನಾಸಸ್ಸಿನ ಹುಲ್ಲು' ಎಂದು ಕರೆಯುತ್ತಾರೆ. ಅದು ಹುಲ್ಲಲ್ಲ, ಗ್ರೀಸಿನ ಪಾರ್ನಾಸಸ್ ಪರ್ವತದೊಡನೆ ಅದಕ್ಕೆ ನಂಟು ಬಂದದ್ದು ಪುಸ್ತಕದ ಮೂಲಕ.

ಗಿಡವನ್ನು ಗುರುತಿಸುವುದು ಕಷ್ಟವಲ್ಲ. ಬುಡದಲ್ಲಿ ಹೃದಯಾಕಾರದ ಎಲೆಗಳು. ನಡುವಿನಿಂದ ಗೇಣುದ್ದದ ನೆಟ್ಟನೆಯ ಕಾಂಡಗಳು. ಪ್ರತಿ ಕಾಂಡವನ್ನೂ ತಬ್ಬಿರುವ ಸಾಮಾನ್ಯವಾಗಿ ಒಂದೇ ಎಲೆ. ತುದಿಯಲ್ಲಿ ಒಂದೇ ಹೂವು. ಐದು ಬಿಳಿಯ ದಳಗಳ ಮೇಲೆ ನಸುಹಸುರಿನ ಗೆರೆಗಳು ಸ್ಪಷ್ಟವಾಗಿರುತ್ತವೆ. ದಳಗಳ ಎದುರಿಗೆ ಪರಾಗವಿಲ್ಲದ ಐದು ವಂಧ್ಯಕೇಸರಗಳಿದ್ದು, ಅವುಗಳ ಅಂಚು ಬಾಚಣಿಗೆಯಂತೆ ಸೀಳಿ, ಪ್ರತಿ ಎಳೆಯ ತುದಿಯೂ ಹನಿಯಂತೆ ಮಿನುಗುತ್ತದೆ. ಈ ಹನಿಗಳಲ್ಲಿ ಮಕರಂದವಿಲ್ಲ. ನೊಣಗಳು ಮಿನುಗಿಗೆ ಮರುಳಾಗಿ ಬರುತ್ತವೆ. ನಿಜವಾದ ರಸವು ಅದೇ ಅಂಗದ ಕೆಳಭಾಗದಲ್ಲಿ ಒಸರುತ್ತದೆ.

ಹೆಸರಿನ ಮೂಲ ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸನ ಔಷಧಗ್ರಂಥದಲ್ಲಿದೆ. ಪಾರ್ನಾಸಸ್ಸಿನಲ್ಲಿ ಬೆಳೆಯುವ ಹುಲ್ಲೊಂದಕ್ಕೆ ಐವಿ ಬಳ್ಳಿಯಂಥ ಎಲೆ, ಸುಗಂಧವುಳ್ಳ ಬಿಳಿಯ ಹೂ, ಬೆರಳು ದಪ್ಪದ ಐದಾರು ಸಿಹಿಬೇರುಗಳು ಇವೆಯೆಂದು ಅವನು ಬರೆದಿದ್ದಾನೆ. ಎಲೆ ಮತ್ತು ಹೂಗಳ ಮಟ್ಟಿಗೆ ವರ್ಣನೆಯನ್ನು ನಮ್ಮ ಗಿಡಕ್ಕೆ ಹೊಂದಿಸಬಹುದು. ಬೇರಿನ ಮಾತು ಹೊಂದುವುದಿಲ್ಲ. ಆದರೂ 16ನೆಯ ಶತಮಾನದ ಉತ್ತರಾರ್ಧದಲ್ಲಿ ಲೊಬೆಲಿಯಸ್ ಮೊದಲಾದವರು ಉತ್ತರದ ಜೌಗಿನ ಹೂವಿಗೆ ಗ್ರೀಕ್ ಪರ್ವತದ ಹೆಸರನ್ನು ಅಂಟಿಸಿದರು; ಇಂಗ್ಲೆಂಡಿನ ಜೆರಾರ್ಡನ ಗ್ರಂಥದಲ್ಲಿಯೂ (1597) ಅದೇ ಹೆಸರು. ಇದಕ್ಕೆ ಮುನ್ನ ಜರ್ಮನಿಯ ವ್ಯಾಲೇರಿಯಸ್ ಕಾರ್ಡಸನು (1515–1544) ಇದನ್ನು 'ಬಿಳಿಯ ಯಕೃತ್ತಿನ ಮೂಲಿಕೆ' ಎಂದು ಕರೆದಿದ್ದನು. ಆ ಹೆಸರು ನಿಲ್ಲಲಿಲ್ಲ. ಪ್ರಾಚೀನರು ಕಂಡಿದ್ದಾರೆಂಬ ಪ್ರಮಾಣಪತ್ರವಿಲ್ಲದ ಗಿಡಕ್ಕೆ ಆ ಕಾಲದ ವಿದ್ವಾಂಸರಲ್ಲಿ ಮನ್ನಣೆ ಕಡಮೆಯಾಗಿತ್ತೆಂಬುದೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ಮುಂದೆ ಫ್ರಾನ್ಸಿನ ಟೂರ್ನ್‌ಫೋರ್ ಹುಲ್ಲೆಂಬ ಪದವನ್ನು ಕೈಬಿಟ್ಟು 'ಪಾರ್ನಾಸಿಯ' ಎಂಬ ಜಾತಿಯನ್ನು ಸ್ಥಾಪಿಸಿದನು. 1753ರಲ್ಲಿ ಲಿನೇಯಸನು 'ಜೌಗಿನದು' ಎಂಬರ್ಥದ ಪಲುಸ್ಟ್ರಿಸ್ ಪದವನ್ನು ಅದಕ್ಕೆ ಸೇರಿಸಿದನು. ಹೀಗೆ ಹೆಸರಿನ ಅರ್ಧ ಗ್ರಂಥದಿಂದಲೂ ಅರ್ಧ ನೆಲದಿಂದಲೂ ಬಂದಿದೆ.

ಲಿನೇಯಸನ ಪದ್ಧತಿ ಎಣಿಕೆಯದು. ಐದು ಕೇಸರ, ನಾಲ್ಕು ಶಲಾಕಾಗ್ರ ಎಂಬ ಲೆಕ್ಕದಿಂದ ಗಿಡಕ್ಕೆ ಮನೆ ದೊರೆಯಿತು. ಅವನ ಗ್ರಂಥದ 1762ರ ಆವೃತ್ತಿಯಲ್ಲಿ ನಮ್ಮ ಬಯಲುಗಳ ವಿಷ್ಣುಕ್ರಾಂತಿಯೂ ಅದೇ ಮನೆಗೆ ಬಂದು ಸೇರಿತು! ಇಂಥ ನೆರೆಹೊರೆಯನ್ನು ನೈಸರ್ಗಿಕವೆಂದು ಯಾರೂ ನಂಬಲಾರರು. ಜೂಸ್ಯೂ 1789ರಲ್ಲಿ ಅದನ್ನು ಡ್ರಾಸಿರದೊಡನೆ ಕ್ಯಾಪರ್ ಕುಟುಂಬದ ಸಮೀಪಕ್ಕೆ ತಂದನು. ಡಿ ಕ್ಯಾಂಡೋಲ್ 1824ರಲ್ಲಿ ಕೀಟಭಕ್ಷಕವಾದ ಆ ಡ್ರಾಸಿರದ ಕುಟುಂಬದಲ್ಲಿಯೇ ಇರಿಸಿದನು. ಜೌಗಿನ ಸಹವಾಸವೂ ಗುಂಡುತುದಿಯ ಎಳೆಗಳ ಹೋಲಿಕೆಯೂ ಇದನ್ನು ಯುಕ್ತವೆನ್ನಿಸುವಂತಿವೆ. ಬೆಂಥಮ್ ಮತ್ತು ಹೂಕರ್ 1865ರಲ್ಲಿ ಅದನ್ನು ಸ್ಯಾಕ್ಸಿಫ್ರೇಜ್ ಕುಟುಂಬಕ್ಕೆ ಸೇರಿಸಿದರು. ಬಹುಕಾಲ ಅಲ್ಲಿಯೇ ಇದ್ದಿತು. 1990ರ ದಶಕದಿಂದ ನಡೆದ ವಂಶವಾಹಿಗಳ ಪರಿಶೀಲನೆಯಿಂದ ಸಂಬಂಧ ಬೇರೆಡೆ ಇದೆಯೆಂದು ತಿಳಿದುಬಂದು, 2009ರ ವರ್ಗೀಕರಣದಲ್ಲಿ ಸೆಲಾಸ್ಟ್ರೇಸೀ ಕುಟುಂಬದೊಳಗೆ ಅದನ್ನು ಸೇರಿಸಲಾಯಿತು. ಆಯುರ್ವೇದದ ಜ್ಯೋತಿಷ್ಮತಿ ಬಳ್ಳಿ ಆ ಕುಟುಂಬದ್ದು. ಬರಿಗಣ್ಣಿಗೆ ಈ ಬಾಂಧವ್ಯ ಎಂದಿಗೂ ಹೊಳೆಯುತ್ತಿರಲಿಲ್ಲ. ಗಿಡ ಬದಲಾಗಲಿಲ್ಲ, ಯಾವ ಅಂಗದ ಸಾಕ್ಷ್ಯಕ್ಕೆ ಎಷ್ಟು ಬೆಲೆಯೆಂಬ ತೀರ್ಮಾನ ಬದಲಾಯಿತು. ಹಿಂದಿನವರನ್ನು ಅಜ್ಞರೆನ್ನುವುದು ಅನುಚಿತ. ದೊರೆತಿದ್ದ ಸಾಕ್ಷ್ಯವನ್ನು ಅವರು ಎಚ್ಚರದಿಂದಲೇ ಬಳಸಿದರು.

ಈ ಜಾತಿಯ ಹೆಸರಿನಲ್ಲಿ ಮೈಸೂರೂ ಸೇರಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಮೆಕೆಂಜಿಯ ನೇತೃತ್ವದಲ್ಲಿ ನಡೆದ ಮೈಸೂರು ಸರ್ವೇಕ್ಷಣೆಗೆ ಸಸ್ಯಜ್ಞನಾಗಿ ಬಂದ ಬೆಂಜಮಿನ್ ಹೈನೆ, ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡನು. ದಕ್ಷಿಣದ ಪ್ರಭೇದವೊಂದಕ್ಕೆ ಅವನು ಇಟ್ಟ 'ಪಾರ್ನಾಸಿಯ ಮೈಸೊರೆನ್ಸಿಸ್' ಎಂಬ ಹೆಸರನ್ನು, ಅವನು 1819ರಲ್ಲಿ ತೀರಿಕೊಂಡ ಮೇಲೆ, ವೈಟ್ ಮತ್ತು ಆರ್ನಟ್ 1834ರಲ್ಲಿ ಪ್ರಕಟಿಸಿದರು. ಅದೇ ಗ್ರಂಥದಲ್ಲಿ ವೈಟನ ಹೆಸರಿನ ಇನ್ನೊಂದು ಪ್ರಭೇದವೂ ಬಂದಿತು. ಅದರ ದಳಗಳ ಅಂಚಿನಲ್ಲಿ ಕುಚ್ಚಿನಂಥ ಎಳೆಗಳುಂಟು. ಮೈಸೂರಿನ ಪ್ರಭೇದದಲ್ಲಿ ವಂಧ್ಯಕೇಸರಗಳು ಮೂರು ಹಾಲೆಗಳಾಗಿ ಮಾತ್ರ ಸೀಳಿವೆ. ಲಿನೇಯಸನು ಮಕರಂದಾಂಗವೆಂದು ಎಣಿಸಿದ ಆ ಭಾಗವನ್ನೇ ನೋಡಿ ಇಂದಿಗೂ ಈ ಜಾತಿಯ ಪ್ರಭೇದಗಳನ್ನು ಬೇರ್ಪಡಿಸುತ್ತಾರೆ.