ಬಡಾವಣೆಯ ನಕ್ಷೆಯೂ ನೂರು ವರ್ಷದ ನೀರೂ: ಅರಿಜೋನಾದ ಮರುಭೂಮಿ ಊರುಗಳಲ್ಲಿ ಪರವಾನಗಿಯ ಹಂತಗಳನ್ನು ಕುರಿತು

2023ರ ಜೂನ್ 1ರಂದು ಅರಿಜೋನಾದ ಗವರ್ನರ್ ಕೇಟಿ ಹಾಬ್ಸ್ ಅವರು ಫೀನಿಕ್ಸ್ ಸುತ್ತಲಿನ ಅಂತರ್ಜಲದ ಹೊಸ ಲೆಕ್ಕವನ್ನು ಪ್ರಕಟಿಸಿದರು. ರಾಜ್ಯದ ಜಲಸಂಪನ್ಮೂಲ ಇಲಾಖೆ ಸಿದ್ಧಪಡಿಸಿದ ಆ ಲೆಕ್ಕದ ಪ್ರಕಾರ ಮುಂದಿನ ನೂರು ವರ್ಷಗಳಲ್ಲಿ 48.6 ಲಕ್ಷ ಎಕರೆ-ಅಡಿಯಷ್ಟು, ನಮ್ಮ ಅಳತೆಯಲ್ಲಿ ಸುಮಾರು 212 ಟಿಎಂಸಿಯಷ್ಟು, ಅಂತರ್ಜಲದ ಬೇಡಿಕೆ ಪೂರೈಕೆಯಾಗದೆ ಉಳಿಯುತ್ತದೆ. ಒಟ್ಟು ಬೇಡಿಕೆಯಲ್ಲಿ ಇದರ ಪಾಲು ಶೇ. 4ರ ಆಸುಪಾಸು. ಆದರೂ ಅಂತರ್ಜಲವನ್ನಷ್ಟೇ ನೆಚ್ಚಿಕೊಂಡ ಹೊಸ ಬಡಾವಣೆಗಳಿಗೆ ನೀರಿನ ಪ್ರಮಾಣಪತ್ರ ಕೊಡುವುದನ್ನು ಸರ್ಕಾರ ನಿಲ್ಲಿಸಿತು.

ಫೀನಿಕ್ಸ್‌ನ ಬೆಳವಣಿಗೆಗೆ ತೆರೆ ಬಿತ್ತೆಂಬ ಧಾಟಿಯಲ್ಲಿ ಈ ಸುದ್ದಿ ಹೊರಗೆ ಹರಡಿತು. ನಡೆದದ್ದು ಅಷ್ಟಲ್ಲ. ಆಗಲೇ ಪ್ರಮಾಣಪತ್ರ ಪಡೆದಿದ್ದ ಸುಮಾರು 80,000 ನಿವೇಶನಗಳಿಗೆ ಯಾವ ತಡೆಯೂ ಇರಲಿಲ್ಲ. ಫೀನಿಕ್ಸ್, ಮೇಸಾ, ಚಾಂಡ್ಲರ್, ಸ್ಕಾಟ್ಸ್‌ಡೇಲ್‌ನಂಥ ನಗರಗಳು ತಮ್ಮ ಇಡೀ ಸೇವಾ ಪ್ರದೇಶಕ್ಕೆ ನೂರು ವರ್ಷದ ನೀರಿದೆ ಎಂಬ ಮಾನ್ಯತೆ ಪಡೆದಿದ್ದರಿಂದ ಅಲ್ಲಿಯ ಕಟ್ಟಡ ಕೆಲಸ ಮುಂದುವರಿಯಿತು. ಪೆಟ್ಟು ಬಿದ್ದದ್ದು ಅಂಚಿನ ಊರುಗಳಿಗೆ. ಅವುಗಳಲ್ಲಿ ಬಕ್‌ಐ ಪ್ರಮುಖವಾದದ್ದು. 2000ದ ಜನಗಣತಿಯಲ್ಲಿ 6,537 ಇದ್ದ ಅದರ ಜನಸಂಖ್ಯೆ 2010ರಲ್ಲಿ 50,876ಕ್ಕೂ 2020ರಲ್ಲಿ 91,502ಕ್ಕೂ ಏರಿತು. ಅಲ್ಲಿಯ ಮರುಭೂಮಿಯಲ್ಲಿ 37,000 ಎಕರೆಯ ಟೆರಾವಾಲಿಸ್ ಯೋಜನೆ ಒಂದು ಲಕ್ಷ ಮನೆಗಳನ್ನು ಕಟ್ಟುವ ಗುರಿ ಇಟ್ಟುಕೊಂಡಿದೆ.

ಈ ಘಟನೆಯನ್ನು ನೀರಿನ ಕೊರತೆಯ ಕಥೆಯಾಗಿ ಓದಿದವರು ಬಹಳ. ಅದನ್ನು ಪರವಾನಗಿಗಳ ಕಥೆಯಾಗಿಯೂ ಓದಬೇಕೆಂಬುದು ಪ್ರಸ್ತುತ ಲೇಖನದ ವಾದ. ಬರಿ ನೆಲ ಮನೆಯಾಗುವವರೆಗೆ ಅರಿಜೋನಾದಲ್ಲಿ ಹಲವು ಮೇಜುಗಳನ್ನು ದಾಟಬೇಕು. ನೀರೆಲ್ಲಿದೆ ಎಂದು ಕೇಳುವ ಮೇಜು ಅವುಗಳಲ್ಲಿ ಯಾವುದು, ಆ ಮೇಜನ್ನು ಮುಟ್ಟದೆಯೇ ಮನೆ ಕಟ್ಟುವವರು ಯಾರು ಎಂಬುದು ಇಲ್ಲಿಯ ಪ್ರಶ್ನೆ.

ಹಿಂದಿನ ಅಧ್ಯಯನಗಳಲ್ಲಿ ಮೂಲ ಸಂಗತಿಗಳ ಬಗ್ಗೆ ಭಿನ್ನಾಭಿಪ್ರಾಯ ಕಡಿಮೆ. ಕೊಲೊರಾಡೊ ನದಿಯ ನೀರನ್ನು 336 ಮೈಲಿ ಹರಿಸಿ ತರುವ ಸೆಂಟ್ರಲ್ ಅರಿಜೋನಾ ಕಾಲುವೆಗೆ ಕೇಂದ್ರದ ಹಣ ಬೇಕಿದ್ದರೆ ಅಂತರ್ಜಲಕ್ಕೆ ಕಡಿವಾಣ ಹಾಕಲೇಬೇಕೆಂದು ಒಳನಾಡು ಇಲಾಖೆಯ ಕಾರ್ಯದರ್ಶಿ ಸೆಸಿಲ್ ಆಂಡ್ರಸ್ ಪಟ್ಟು ಹಿಡಿದರು. 1980ರಲ್ಲಿ ಗವರ್ನರ್ ಬ್ರೂಸ್ ಬ್ಯಾಬಿಟ್ ಅಂತರ್ಜಲ ನಿರ್ವಹಣಾ ಕಾಯಿದೆಗೆ ಸಹಿ ಹಾಕಿದರು. ಪಾಲ್ ಹರ್ಟ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಬಂಧ, ಹೊರಗಿನಿಂದ ನೀರು ತಂದು ಬೆಳವಣಿಗೆಯನ್ನು ಉಳಿಸಿಕೊಳ್ಳುವ ನೀತಿಯನ್ನು ಟೀಕಿಸಿತು. 2011ರಲ್ಲಿ ಸಮಾಜಶಾಸ್ತ್ರಜ್ಞ ಆಂಡ್ರೂ ರಾಸ್ ಫೀನಿಕ್ಸನ್ನು ಜಗತ್ತಿನಲ್ಲೇ ಅತ್ಯಂತ ಕಡಿಮೆ ಸುಸ್ಥಿರ ನಗರವೆಂದು ತಮ್ಮ ಪುಸ್ತಕದ ಉಪಶೀರ್ಷಿಕೆಯಲ್ಲೇ ಕರೆದು, ಸಮಸ್ಯೆಯ ಬೇರು ಸಾಮಾಜಿಕ ಅಸಮಾನತೆಯಲ್ಲಿದೆ ಎಂದರು. ಫೀನಿಕ್ಸ್‌ನ ವಕೀಲರೂ ಕಾಲುವೆ ಮಂಡಳಿಯ ಮಾಜಿ ಅಧ್ಯಕ್ಷರೂ ಆದ ಗ್ರೇಡಿ ಗ್ಯಾಮೇಜ್ 2016ರಲ್ಲಿ ಇದಕ್ಕೆ ಎದುರಾಗಿ ನಿಂತು, ಉಪನಗರಗಳಾಗಿ ಹರಡಿದ ಮರುಭೂಮಿ ನಗರಕ್ಕೂ ಹೊಂದಿಕೊಂಡು ಬಾಳುವ ಶಕ್ತಿ ಇದೆಯೆಂದು ವಾದಿಸಿದರು. 1980ರ ಕಾಯಿದೆ ರೂಪಿಸಿದವರಲ್ಲಿ ಒಬ್ಬರಾದ ಕ್ಯಾಥ್ಲೀನ್ ಫೆರಿಸ್ ಅವರು ಸಾರಾ ಪೋರ್ಟರ್ ಜೊತೆ 2019 ಮತ್ತು 2021ರಲ್ಲಿ ಬರೆದ ವರದಿಗಳು, ಕಾಯಿದೆಯ ಭರವಸೆಗೂ ಅಂತರ್ಜಲದ ವಾಸ್ತವಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿದವು.

ಈ ಬರಹಗಳ ಚರ್ಚೆ ಹೆಚ್ಚಾಗಿ ನೀರಿನ ಪ್ರಮಾಣದ ಸುತ್ತ ತಿರುಗುತ್ತದೆ: ಎಷ್ಟಿದೆ, ಎಷ್ಟು ದಿನ ಬರುತ್ತದೆ, ಯಾರ ಪಾಲು ಎಷ್ಟು. ಪರೀಕ್ಷೆಯ ಹಂತ ಅಷ್ಟೇ ನಿರ್ಣಾಯಕವೆಂದು ಇಲ್ಲಿ ತೋರಿಸಲು ಯತ್ನಿಸಲಾಗಿದೆ.

ಮೊದಲು ಹಂತಗಳನ್ನು ನೋಡೋಣ. 1998 ಮತ್ತು 2000ದ ಕಾಯಿದೆಗಳ ಪ್ರಕಾರ ಬೆಳೆಯುವ ನಗರಗಳು ಹತ್ತು ವರ್ಷಕ್ಕೊಮ್ಮೆ ಮಹಾಯೋಜನೆಯನ್ನು ಮತದಾರರ ಒಪ್ಪಿಗೆಗೆ ಒಡ್ಡಬೇಕು. ಹೊಲವನ್ನು ವಸತಿ ವಲಯಕ್ಕೆ ಬದಲಾಯಿಸುವ ತೀರ್ಮಾನ ನಗರಸಭೆಯದು. ಬಳಿಕ ಬಡಾವಣೆಯ ಪ್ರಾಥಮಿಕ ನಕ್ಷೆ, ಆಮೇಲೆ ಅಂತಿಮ ನಕ್ಷೆ. 1980ರ ಅಂತರ್ಜಲ ಕಾಯಿದೆಯಡಿಯ ನಿರ್ವಹಣಾ ಪ್ರದೇಶಗಳಲ್ಲಿ ಅಂತಿಮ ನಕ್ಷೆಗೆ ಮಂಜೂರಾತಿ ಸಿಗಬೇಕಾದರೆ ಎರಡರಲ್ಲೊಂದು ದಾಖಲೆ ಬೇಕು: ಮಾನ್ಯತೆ ಪಡೆದ ನಗರ ಅಥವಾ ನೀರಿನ ಕಂಪನಿಯ ಲಿಖಿತ ಒಪ್ಪಿಗೆ, ಇಲ್ಲವೇ ಆ ಬಡಾವಣೆಗೇ ಪಡೆದ ನೂರು ವರ್ಷದ ನೀರಿನ ಪ್ರಮಾಣಪತ್ರ. ನಿವೇಶನ ಮಾರುವ ಮುನ್ನ ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯ ಸಾರ್ವಜನಿಕ ವರದಿಯೂ ಆಗಬೇಕು. ಮನೆಯ ಕಟ್ಟಡ ಪರವಾನಗಿ ಬರುವುದು ಈ ಸಾಲಿನ ಕೊನೆಗೆ. ಅಲ್ಲಿ ಅಧಿಕಾರಿ ನೋಡುವುದು ತಳಪಾಯ, ವಿದ್ಯುತ್, ಕೊಳಾಯಿ, ಬೆಂಕಿ ಸುರಕ್ಷತೆಯನ್ನು. 2011ರ ರಾಜ್ಯ ಕಾಯಿದೆಯೊಂದು ನಗರಗಳು ಪರವಾನಗಿ ಅರ್ಜಿಗಳಿಗೆ ಗಡುವು ನಿಗದಿ ಮಾಡಬೇಕೆಂದೂ, ಗಡುವು ಮೀರಿದರೆ ಶುಲ್ಕ ಹಿಂತಿರುಗಿಸಬೇಕೆಂದೂ ವಿಧಿಸಿತು. ಹೀಗಾಗಿ ಕೊನೆಯ ಹಂತಕ್ಕೆ ಹೊಸ ಪ್ರಶ್ನೆ ಸೇರಿಸುವುದು ಸುಲಭವಾಗಿ ಉಳಿದಿಲ್ಲ.

ನೀರಿನ ಪರೀಕ್ಷೆಯೇನೋ ಬಿಗಿಯಾದದ್ದೇ. ಭೌತಿಕವಾಗಿ, ಕಾನೂನಿನ ಪ್ರಕಾರ, ನಿರಂತರವಾಗಿ ನೂರು ವರ್ಷ ನೀರು ಸಿಗುತ್ತದೆಂದು ತೋರಿಸಬೇಕು; ಗುಣಮಟ್ಟ ಮತ್ತು ಹಣಕಾಸಿನ ಸಾಮರ್ಥ್ಯವನ್ನೂ ತೋರಿಸಬೇಕು. ಫೀನಿಕ್ಸ್ ಪ್ರದೇಶದಲ್ಲಿ ನೂರು ವರ್ಷದ ಕೊನೆಗೂ ಜಲಮಟ್ಟ 1,000 ಅಡಿಗಿಂತ ಕೆಳಗೆ ಇಳಿಯಬಾರದು. ಬಂಡವಾಳದ ಜೊತೆ ಜಲವಿಜ್ಞಾನಿಯನ್ನೂ ಕರೆತರಬೇಕಾದ ಇಂಥ ಪರೀಕ್ಷೆ ಅಮೆರಿಕದ ಬೇರೆಡೆ ಅಪರೂಪ. ಆ ಮಟ್ಟಿಗೆ ಕಾಯಿದೆಯನ್ನು ಮೆಚ್ಚಿದವರ ಮಾತು ನ್ಯಾಯವಾದದ್ದು.

ವಿವಾದ ಶುರುವಾಗುವುದು ಇಲ್ಲಿಂದ. ಪರೀಕ್ಷೆಗೆ ಒಳಗಾಗುವುದು ನೀರಿನ ಬಳಕೆಯಲ್ಲ, ನೆಲದ ವಿಭಜನೆ. ಕಾನೂನಿನ ಕಣ್ಣಿಗೆ ಆರು ಅಥವಾ ಹೆಚ್ಚು ತುಂಡುಗಳಾದರೆ ಮಾತ್ರ ಅದು ಬಡಾವಣೆ. ಐದು ತುಂಡಿನವರೆಗೆ ನೀರಿನ ಪ್ರಮಾಣಪತ್ರ ಬೇಡ. ಐದರಲ್ಲಿ ಒಂದನ್ನು ಕೊಂಡವನು ಅದನ್ನು ಮತ್ತೆ ಒಡೆಯಬಹುದು. ಪರಸ್ಪರ ಒಳಒಪ್ಪಂದ ಮಾಡಿಕೊಂಡು ಹೀಗೆ ಒಡೆಯುವುದು ನಿಷಿದ್ಧವಾದರೂ ಒಪ್ಪಂದವನ್ನು ಸಾಬೀತು ಮಾಡುವುದು ಕಷ್ಟ. ಕರ್ನಾಟಕದ ಓದುಗರಿಗೆ ಥಟ್ಟನೆ ನೆನಪಾಗುವುದು ರೆವಿನ್ಯೂ ಸೈಟು; ಆದರೆ ನಮ್ಮಲ್ಲಿ ಅಂಥ ನಿವೇಶನದ ಮೇಲೆ ಅಕ್ರಮದ ನೆರಳಿರುತ್ತದೆ, ಅರಿಜೋನಾದ ಐದು ತುಂಡಿನ ವಿಭಜನೆ ಕಾನೂನುಬದ್ಧ. ಮನೆಬಳಕೆಗೆ ನಿಮಿಷಕ್ಕೆ 35 ಗ್ಯಾಲನ್‌ವರೆಗೆ, ಅಂದರೆ ಸುಮಾರು 132 ಲೀಟರ್ ಎತ್ತುವ ಬಾವಿಗೂ ಕಾಯಿದೆಯ ನಿಯಂತ್ರಣದಿಂದ ವಿನಾಯಿತಿ ಇದೆ. ನೋಂದಣಿ ಮಾಡಿಸಿದರೆ ಸಾಕು.

ಇದನ್ನು ಕಾಯಿದೆಯ ಅಂಚಿನ ಸಣ್ಣ ಸಡಿಲವೆಂದು ಬಗೆಯುವುದು ವಾಡಿಕೆ. ಮೂರು ನಿದರ್ಶನಗಳು ಆ ನಿಲುವನ್ನು ಮರುಪರಿಶೀಲಿಸುವಂತೆ ಮಾಡುತ್ತವೆ.

ಮೊದಲನೆಯದು ಪ್ರೆಸ್ಕಾಟ್. 1980ರ ಕಾಯಿದೆಯ ನಾಲ್ಕು ಮೂಲ ನಿರ್ವಹಣಾ ಪ್ರದೇಶಗಳಲ್ಲಿ ಅದೂ ಒಂದು. ಎತ್ತುವ ನೀರು ಮರುಪೂರಣವನ್ನು ಮೀರಿದೆಯೆಂದು ರಾಜ್ಯ 1999ರ ಜನವರಿಯಲ್ಲಿ ಅಲ್ಲಿ ಘೋಷಿಸಿದ ಮೇಲೆ, ಹೊಸ ಬಡಾವಣೆಗಳು ಅಂತರ್ಜಲದ ಆಸರೆಯಲ್ಲಿ ಪ್ರಮಾಣಪತ್ರ ಪಡೆಯುವುದು ಬಹುಮಟ್ಟಿಗೆ ನಿಂತಿತು. ಕಟ್ಟಡ ಮಾತ್ರ ನಿಲ್ಲಲಿಲ್ಲ. ಘೋಷಣೆಗೆ ಮುನ್ನವೇ ಸಲ್ಲಿಕೆಯಾಗಿದ್ದ ನಕ್ಷೆಗಳು ಮುಂದುವರಿದವು. ಒಡೆದ ನಿವೇಶನಗಳಲ್ಲಿ ವಿನಾಯಿತಿಯ ಬಾವಿಗಳು ಏಳುತ್ತಲೇ ಹೋದವು. ಫೀನಿಕ್ಸ್‌ಗಿಂತ ಕಾಲು ಶತಮಾನ ಮೊದಲೇ ನಡೆದ ಈ ಪ್ರಯೋಗಕ್ಕೆ 2023ರ ಚರ್ಚೆಯಲ್ಲಿ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಎರಡನೆಯದು ರಿಯೊ ವರ್ಡೆ ಫುಟ್‌ಹಿಲ್ಸ್. ಸ್ಕಾಟ್ಸ್‌ಡೇಲ್ ಗಡಿಯಾಚೆ, ಯಾವ ನಗರಸಭೆಗೂ ಸೇರದೆ ಮಾರಿಕೋಪಾ ಕೌಂಟಿಯ ಆಡಳಿತದಲ್ಲಿರುವ ಈ ವಸತಿ ಬೆಳೆದದ್ದು ಹೀಗೆ ಒಡೆದ ನಿವೇಶನಗಳ ಮೇಲೆ. ಪ್ರತಿ ಮನೆಗೂ ಕೌಂಟಿಯ ಕಟ್ಟಡ ಪರವಾನಗಿ ಸಿಕ್ಕಿತ್ತು, ನೀರಿನ ಆಧಾರವನ್ನು ಯಾರೂ ಕೇಳಬೇಕಾಗಿರಲಿಲ್ಲ. ಬಾವಿ ಇಲ್ಲದ, ಇದ್ದ ಬಾವಿ ಬತ್ತಿದ ನೂರಾರು ಮನೆಗಳಿಗೆ ಸ್ಕಾಟ್ಸ್‌ಡೇಲ್‌ನ ನಲ್ಲಿಯಿಂದ ಟ್ಯಾಂಕರ್‌ಗಳು ನೀರು ತರುತ್ತಿದ್ದವು. 2021ರ ಆಗಸ್ಟ್‌ನಲ್ಲಿ ಕೊಲೊರಾಡೊ ನದಿಯಲ್ಲಿ ಮೊದಲ ಬಾರಿಗೆ ಅಧಿಕೃತ ಕೊರತೆ ಘೋಷಣೆಯಾಗಿ, 2022ಕ್ಕೆ ಅರಿಜೋನಾದ ಪಾಲಿನಲ್ಲಿ 5,12,000 ಎಕರೆ-ಅಡಿ ಕಡಿತವಾಯಿತು. ಸ್ಕಾಟ್ಸ್‌ಡೇಲ್ ತನ್ನ ಗಡಿಯೊಳಗಿನವರಿಗೆ ಆದ್ಯತೆ ಕೊಟ್ಟು 2023ರ ಜನವರಿ 1ರಿಂದ ಟ್ಯಾಂಕರ್ ಪೂರೈಕೆ ನಿಲ್ಲಿಸಿತು. ನೀರಿನ ಜಿಲ್ಲೆ ರಚಿಸುವ ಪ್ರಸ್ತಾವವನ್ನು ಕೌಂಟಿ ಮಂಡಳಿ ಹಿಂದಿನ ವರ್ಷವೇ ತಿರಸ್ಕರಿಸಿತ್ತು. ಕೊನೆಗೆ 2023ರ ಜೂನ್‌ನಲ್ಲಿ ಶಾಸನಸಭೆ ವಿಶೇಷ ಕಾಯಿದೆ ಮಾಡಿ ತಾತ್ಕಾಲಿಕ ವ್ಯವಸ್ಥೆ ಕಲ್ಪಿಸಬೇಕಾಯಿತು. ಶಾಶ್ವತ ಪೂರೈಕೆಗೆ ಎಪ್ಕಾರ್ ಕಂಪನಿಗೆ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ಪರವಾನಗಿ ಕೊಟ್ಟ ಸಂಸ್ಥೆಗೆ ನೀರಿನ ಹೊಣೆ ಇರಲಿಲ್ಲ, ನೀರಿದ್ದ ಸಂಸ್ಥೆಗೆ ಪರವಾನಗಿಯಲ್ಲಿ ಮಾತಿರಲಿಲ್ಲ. ನಡುವೆ ಸಿಕ್ಕಿ ನರಳಿದವರು ಮನೆ ಕಟ್ಟಿಕೊಂಡ ಕುಟುಂಬಗಳು.

ಮೂರನೆಯದು ಬಾಡಿಗೆಗೆಂದೇ ಕಟ್ಟುವ ಬಿಡಿ ಮನೆಗಳ ಸಮೂಹ. ನೂರು ಮನೆ ಕಟ್ಟಿದರೂ ನೆಲ ಒಂದೇ ಮಾಲೀಕನ ಹೆಸರಿನಲ್ಲಿ ಒಂದೇ ತುಂಡಾಗಿ ಉಳಿದರೆ ಅದು ಬಡಾವಣೆಯಾಗುವುದಿಲ್ಲ, ಪ್ರಮಾಣಪತ್ರವೂ ಬೇಕಾಗುವುದಿಲ್ಲ. ಪಕ್ಕದ ಹೊಲದಲ್ಲಿ ಅಷ್ಟೇ ಮನೆಗಳನ್ನು ಮಾರಾಟಕ್ಕೆ ಕಟ್ಟಲು ಹೊರಟವನು ಮಾತ್ರ ತಡೆಗೆ ಸಿಕ್ಕಿಬೀಳುತ್ತಾನೆ. ಗವರ್ನರ್ ನೇಮಿಸಿದ ಜಲನೀತಿ ಮಂಡಳಿ 2023ರಲ್ಲಿ ಈ ವ್ಯತ್ಯಾಸವನ್ನು ಗುರುತಿಸಿ ಸರಿಪಡಿಸಬೇಕೆಂದಿತು.

ಇವುಗಳಿಂದ ಮೂಡುವ ನಿಲುವು ಹೀಗಿದೆ: ಬಡಾವಣೆಯ ಹಂತದಲ್ಲಿ ಪರೀಕ್ಷೆ ಬಿಗಿಯಾದಷ್ಟೂ, ಪರೀಕ್ಷೆಯೇ ಇಲ್ಲದ ರೂಪಗಳತ್ತ ಕಟ್ಟಡವನ್ನು ತಳ್ಳುವ ಒತ್ತಡ ಕಾಯಿದೆಯೊಳಗಿಂದಲೇ ಹುಟ್ಟುತ್ತದೆ. ಈ ಮಾತನ್ನು ಮಿತಿಗಳೊಡನೆ ಹೇಳಬೇಕು. ಒತ್ತಡವಿದೆಯೆಂದ ಮಾತ್ರಕ್ಕೆ ಪ್ರತಿ ಬಿಡಿ ಮನೆಯೂ ಕಾಯಿದೆ ತಪ್ಪಿಸಲು ಕಟ್ಟಿದ್ದೆಂದಾಗದು. ಕುದುರೆ ಸಾಕಲು, ವಿಶಾಲ ಜಾಗದಲ್ಲಿರಲು, ಕಡಿಮೆ ತೆರಿಗೆ ಕಟ್ಟಲು ಬಯಸಿ ಹೋದವರೂ ಇದ್ದಾರೆ. ಬಾಡಿಗೆ ಮನೆಗಳ ಏರಿಕೆಗೆ ಬಡ್ಡಿದರ ಮತ್ತು ಮನೆಬೆಲೆಯ ಕಾರಣಗಳೂ ಇವೆ. ಪ್ರೆಸ್ಕಾಟ್ ಎತ್ತರದ ಗುಡ್ಡನಾಡು. ಅದರ ಅನುಭವವನ್ನು ಸೊನೊರನ್ ಮರುಭೂಮಿಗೆ ಹಾಗೆಯೇ ಅನ್ವಯಿಸಲಾಗದು. ಮಾನ್ಯತೆ ಪಡೆದ ನಗರಗಳ ಗಡಿಯೊಳಗೆ ಈ ವಾದದ ಬಲವೂ ಕಡಿಮೆ. ಅಲ್ಲಿ ಬಾಡಿಗೆ ಮನೆಯಾಗಲಿ ಕಾರ್ಖಾನೆಯಾಗಲಿ ನಗರದ ಒಟ್ಟು ಲೆಕ್ಕದೊಳಗೇ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅರಿಜೋನಾದಲ್ಲಿ ಬಳಕೆಯಾಗುವ ನೀರಿನ ಸುಮಾರು ಮುಕ್ಕಾಲು ಪಾಲು ಕೃಷಿಗೆ ಹೋಗುತ್ತದೆ. ರಾಜ್ಯದ ಒಟ್ಟು ಬಳಕೆ 1957ರಲ್ಲೂ 2017ರಲ್ಲೂ ಹೆಚ್ಚುಕಡಿಮೆ 70 ಲಕ್ಷ ಎಕರೆ-ಅಡಿಯೇ, ಆ ಅವಧಿಯಲ್ಲಿ ಜನಸಂಖ್ಯೆ ಸುಮಾರು ಆರು ಪಟ್ಟು ಬೆಳೆಯಿತು. ಹೊಲದ ಜಾಗದಲ್ಲಿ ಮನೆ ಎದ್ದರೆ ನೀರು ಉಳಿಯುತ್ತದೆ. ಹಾಗಿರುವಾಗ ಕೆಲವು ನೂರು ಟ್ಯಾಂಕರ್ ಮನೆಗಳಿಗೆ ಇಷ್ಟು ತೂಕವೇಕೆ? ಪ್ರಮಾಣದ ಪ್ರಶ್ನೆಯಾಗಿ ನೋಡಿದರೆ ಈ ಆಕ್ಷೇಪ ಸರಿ. ಆದರೆ ರಿಯೊ ವರ್ಡೆ ಎದ್ದದ್ದು ಹೊಲದ ಮೇಲಲ್ಲ, ಬರಿ ಮರುಭೂಮಿಯ ಮೇಲೆ. ಅಲ್ಲಿ ಪ್ರತಿ ಮನೆಯ ಬೇಡಿಕೆಯೂ ಹೊಸದು. ಮೇಲಾಗಿ ನೂರು ವರ್ಷದ ನಿಯಮದ ಮೊದಲ ಉದ್ದೇಶ ಮನೆ ಕೊಳ್ಳುವವರ ರಕ್ಷಣೆ. ಒಟ್ಟು ಬಳಕೆ ಇಳಿದರೂ, ಒಂದು ಕುಟುಂಬದ ನಲ್ಲಿ ಒಣಗಿದರೆ ಆ ಉದ್ದೇಶ ಸೋತಂತೆಯೇ.

ಈಚಿನ ತಿದ್ದುಪಡಿಗಳನ್ನೂ ಈ ಬೆಳಕಿನಲ್ಲಿ ನೋಡಬೇಕು. 2024ರ ಕೊನೆಗೆ ಬಂದ ಪರ್ಯಾಯ ಮಾನ್ಯತೆಯ ನಿಯಮ ಅಂಚಿನ ಊರುಗಳೂ ನೀರಿನ ಕಂಪನಿಗಳೂ ಹೊಸ ಮೂಲದ ನೀರು ತಂದು ಮಾನ್ಯತೆ ಪಡೆಯಲು ದಾರಿ ತೆರೆದು, ತಂದ ನೀರಿನಲ್ಲಿ ಶೇ. 25 ಪಾಲನ್ನು ಈಗಿರುವ ಅಂತರ್ಜಲದ ಬಳಕೆ ತಗ್ಗಿಸಲು ಮೀಸಲಿಟ್ಟಿತು. ಮನೆ ಕಟ್ಟುವವರ ಸಂಘ ಇದನ್ನು ಅಕ್ರಮ ಹೇರಿಕೆಯೆಂದು 2025ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ವರ್ಷದ ಇನ್ನೊಂದು ಕಾಯಿದೆ, ನೀರಾವರಿ ಹಕ್ಕು ಬಿಟ್ಟುಕೊಟ್ಟ ಹೊಲಗಳಲ್ಲಿ ಬಡಾವಣೆಗೆ ಅವಕಾಶ ಕೊಟ್ಟಿತು. ಹೊಸ ಮೂಲ ಹುಡುಕುವುದು ಎಷ್ಟು ತೊಡಕಿನದೆಂಬುದಕ್ಕೆ ಕ್ವೀನ್ ಕ್ರೀಕ್ ಎಂಬ ಊರು ಸಾಕ್ಷಿ: ದೂರದ ಸಿಬೊಲಾದ ಹೊಲಗಳಿಂದ ಅದು ಕೊಂಡ 2,033 ಎಕರೆ-ಅಡಿ ನದಿ ನೀರಿನ ವರ್ಗಾವಣೆಗೆ ಪರಿಸರ ಪರಿಶೀಲನೆ ಸಾಲದೆಂದು 2024ರಲ್ಲಿ ಕೇಂದ್ರ ನ್ಯಾಯಾಲಯ ಹೇಳಿತು. ಈ ಎರಡು ತಿದ್ದುಪಡಿಗಳೂ ಬಡಾವಣೆಯ ದ್ವಾರವನ್ನು ಅಗಲ ಮಾಡುತ್ತವೆ. ಐದು ತುಂಡಿನ ವಿಭಜನೆ ಇದ್ದಲ್ಲೇ ಇದೆ. ಭೂ ನಿಯಮದಿಂದ ಆಸ್ತಿಯ ಬೆಲೆ ಕುಸಿದರೆ ಮಾಲೀಕನಿಗೆ ಪರಿಹಾರ ಕೊಡಬೇಕೆಂದು 2006ರಲ್ಲಿ ಮತದಾರರು ಒಪ್ಪಿದ 207ನೇ ಪ್ರಸ್ತಾವ, ಸ್ಥಳೀಯ ಆಡಳಿತಗಳು ಈ ವಿಭಜನೆಯನ್ನು ಮುಟ್ಟಲು ಹಿಂಜರಿಯಲು ಒಂದು ಕಾರಣವಾಗಿರಬಹುದು.

ನೀರಿನ ಪ್ರಶ್ನೆಯನ್ನು ಕಟ್ಟಡ ಪರವಾನಗಿಯ ಹಂತಕ್ಕೆ ಇಳಿಸಿದರೆ ಸಾಕೇ, ಅದರಿಂದ ಬಡವರ ಮನೆ ಇನ್ನಷ್ಟು ದುಬಾರಿಯಾದೀತೇ ಎಂಬುದು ಇನ್ನೂ ತೀರ್ಮಾನವಾಗಬೇಕಾದ ವಿಷಯ. ಒತ್ತಡದ ಬಗ್ಗೆ ಇಲ್ಲಿ ಮಂಡಿಸಿದ ನಿಲುವೂ ನಿದರ್ಶನಗಳನ್ನು ಆಧರಿಸಿದ್ದೇ ಹೊರತು ಪೂರ್ಣ ಎಣಿಕೆಯನ್ನಲ್ಲ. ಅದನ್ನು ಪರೀಕ್ಷಿಸಲು ಬೇಕಾದ ದಾಖಲೆಗಳಿವೆ: ಜಲಸಂಪನ್ಮೂಲ ಇಲಾಖೆಯ ಬಾವಿ ನೋಂದಣಿ, ಕೌಂಟಿಗಳ ಕಟ್ಟಡ ಪರವಾನಗಿ, ನಿವೇಶನ ವಿಭಜನೆಯ ಕಡತ. ಈ ಮೂರನ್ನೂ ವರ್ಷವಾರು ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಮುಂದಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕು; 1999ರ ಹಿಂದಿನ ಮತ್ತು ಮುಂದಿನ ಪ್ರೆಸ್ಕಾಟ್ ಅದಕ್ಕೆ ತಕ್ಕ ಆರಂಭ.